ಎಲ್ಲಕ್ಕೂ ಬರೋಬರ್

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ನಮ್ಮವರು ಮಾಡಿ ತಂದ ಒಗ್ಗರಣೆ ಅವಲಕ್ಕಿಗೆ ಉಪ್ಪೇ ಬಿದ್ದಿರಲಿಲ್ಲ. ನಾನು ಅವರ ಮುಖವನ್ನೇ ನೋಡುತ್ತಾ, ಬೇಕೆಂದೇ, “ಉಪ್ಪು ಭಾಳ ಆಗೇತಿ ನೋಡ್ರಿ” ಎಂದೆ. ಅವರೂ ಅದೇ ಅವಲಕ್ಕಿಯನ್ನು ತಿನ್ನುತ್ತಿದ್ದರು. ಬಾಯಲ್ಲಿದ್ದ ತುತ್ತನ್ನು ನುಂಗಿ, ತಲೆಯಾಡಿಸಿ, “ಹೌದು, ಬರೋಬರ್. ಜಾಸ್ತಿಯಾಗಿದೆ” ಎಂದರು. ಸ್ನೇಹಿತರೇ, ನನ್ನ ಕಾಯಿಲೆ ಎಷ್ಟು ದೂರ ಬಂದಿದೆ ಎಂಬುದು ಆ ಕ್ಷಣದಲ್ಲಿ ತಿಳಿದಷ್ಟು ಸ್ಪಷ್ಟವಾಗಿ ಯಾವ ಸ್ಕ್ಯಾನಿನಿಂದಲೂ ನನಗೆ ತಿಳಿದಿರಲಿಲ್ಲ.

ನಾನು ಧಾರವಾಡದವಳು, ಅವರು ಮೈಸೂರಿನವರು. ವಾಯುಪಡೆಯಲ್ಲಿ ವಿಮಾನದ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುತ್ತಾ ಊರೂರು ಸುತ್ತಿ, ನಿವೃತ್ತಿಯ ನಂತರ ಅವರು ಇಲ್ಲಿನ ವಿಮಾನ ನಿಲ್ದಾಣದ ಪಕ್ಕದ ಮಿಹಾನ್‌ನಲ್ಲಿ ಅದೇ ಕೆಲಸ ಹಿಡಿದಿದ್ದರಿಂದ ನಾಗಪುರವೇ ನಮ್ಮ ಊರಾಯಿತು. ನಮ್ಮ ಸಂಸಾರ ನಡೆದುಬಂದದ್ದೇ ಜಗಳದ ಗಾಲಿಯ ಮೇಲೆ. ಬೆಳಿಗ್ಗೆ ಚಹಾವೋ ಕಾಫಿಯೋ ಎಂಬಲ್ಲಿ ಶುರುವಾದದ್ದು, ರೊಟ್ಟಿ ದೊಡ್ಡದೋ ಮುದ್ದೆ ದೊಡ್ಡದೋ ಎಂದು ಬೆಳೆದು, ‘ಐತಿ’ ಚೆಂದವೋ ‘ಇದೆ’ ಚೆಂದವೋ ಎಂಬಲ್ಲಿಗೆ ಹೋಗಿ ದೀಪ ಆರಿಸುವ ಹೊತ್ತಿಗೆ ಬಗೆಹರಿಯದೇ ಮಲಗುತ್ತಿತ್ತು. ಅದರಲ್ಲಿ ಕಹಿಯಿರಲಿಲ್ಲ, ಕೆಲವರ ಮನೆಯಲ್ಲಿ ರೇಡಿಯೋ ಹಾಡುತ್ತಿರುವಂತೆ ನಮ್ಮ ಮನೆಯಲ್ಲಿ ವಾದ ನಡೆಯುತ್ತಿತ್ತು, ಅಷ್ಟೇ.

ಎದೆಯಲ್ಲಿ ಹುಟ್ಟಿ, ಹೋಯಿತೆಂದು ನಾವು ನಂಬಿದ್ದ ಕ್ಯಾನ್ಸರ್ ಬೆನ್ನುಮೂಳೆಯಲ್ಲಿ ಮತ್ತೆ ಕಾಣಿಸಿಕೊಂಡಾಗ, ಇನ್ನು ವಾಸಿಯಾಗುವ ಮಾತಿಲ್ಲ, ಹತೋಟಿಯಲ್ಲಿಡಬಹುದು ಎಂದರು ಡಾಕ್ಟರು. ಕಾಲುಗಳ ಬಲ ಕುಂದಿತು. ನಡೆಯುತ್ತಿದ್ದ ನಾನು ವಾಕರ್ ಹಿಡಿದೆ, ವಾಕರ್ ಬಿಟ್ಟು ಗಾಲಿಕುರ್ಚಿ ಸೇರಿದೆ. ಇವರು ಕೆಲಸ ಬಿಟ್ಟು ಮನೆಯಲ್ಲೇ ಉಳಿದರು. ಅಂದಿನಿಂದ ನಾನು ಏನು ಹೇಳಿದರೂ ಅವರದು ‘ಸರಿ’ ಎನ್ನಲು ಈ ಊರು ಕಲಿಸಿಕೊಟ್ಟ ಆ ಒಂದೇ ಮಾತು: ಬರೋಬರ್.

ಎದುರುಮನೆಯ ವಿಮಲತಾಯಿ ಬಂದಾಗಲೆಲ್ಲ ನನ್ನ ಕೈ ಹಿಡಿದು, “ವಹಿನಿ, ಪಾಸಿಟಿವ್ ರಹಾ” ಎನ್ನುತ್ತಿದ್ದರು. ಪಾಸಿಟಿವ್ ಆಗಿಯೇ ಇರಬೇಕಂತೆ. ನನ್ನ ರಿಪೋರ್ಟುಗಳೆಲ್ಲ ಪಾಸಿಟಿವ್ ಬಂದಿದ್ದಕ್ಕೇ ಇಷ್ಟೆಲ್ಲ ಆಗಿರುವುದು ಎಂದು ನಾನು ನಗೆಯಾಡಿದರೆ, ಆಕೆ ನಗಲು ಹೋಗಿ ಕಣ್ಣೊರೆಸಿಕೊಳ್ಳುವರು. ಹೀಗೆ ಎಲ್ಲರೂ ನನ್ನೆದುರು ಮೆತ್ತಗಾಗುತ್ತಾ ಹೋದಂತೆ, ಬದುಕಿರುವಾಗಲೇ ನನಗೆ ಗಂಧದ ಹಾರ ಹಾಕಿ ಗೋಡೆಗೆ ತೂಗುಹಾಕಿದ ಹಾಗಾಗುತ್ತಿತ್ತು. ನೋವಿಗೆ ಮಾತ್ರೆಯಿತ್ತು. ಇದಕ್ಕೆ ಇರಲಿಲ್ಲ.

ಫಿಸಿಯೋಥೆರಪಿಯವರು ಒಂದು ವ್ಯಾಯಾಮ ಕಲಿಸಿಕೊಟ್ಟಿದ್ದರು: ಮಂಚದ ಅಂಚಿನಲ್ಲಿ ಕೂತು, ಕಿಟಕಿಯ ಸರಳು ಹಿಡಿದು, ಇವರ ಆಸರೆಯಲ್ಲಿ ಎದ್ದು ನಿಲ್ಲುವುದು. ಒಂದು ಸಂಜೆ ಏಳಲು ಹೋಗಿ ಕುಸಿದು ಮಂಚದ ಮೇಲೇ ಬಿದ್ದೆ. ಪೆಟ್ಟೇನೂ ಆಗಲಿಲ್ಲ, ಆದರೆ ಒಳಗೆ ಏನೋ ಕಡಿದುಹೋದಂತಾಯಿತು.

“ಸಾಕ್ರಿ ಇದು. ನಾಳಿಂದ ನಾ ಏಳೂದಿಲ್ಲ. ಹಿಂಗ ಮಲಕೊಂಡಿರ್ತೀನಿ” ಎಂದೆ. ‘ಬರೋಬರ್’ಗಾಗಿ ಕಾದೆ.

“ಏಳಲ್ವಾ?” ಎಂದರು. ಧ್ವನಿ ಬೇರೆಯಾಗಿತ್ತು. “ಏಳದೆ ಏನ್ ಮಾಡ್ತೀಯ? ದಿನಾ ನಿನ್ನ ಹಿಡ್ಕೊಂಡು ನಿಲ್ಲೋನು ನಾನು. ನನ್ನ ಕೇಳದೆ ಸಾಕು ಅನ್ನೋಕೆ ನೀನ್ಯಾರು?”

“ಕಾಲು ನನ್ನವು!”

“ಕಾಲು ನಿನ್ನವು, ಹಟವೂ ನಿಂದೇ! ಧಾರವಾಡದ ಹಟ!”

“ನಮ್ಮ ಧಾರವಾಡದ ಸುದ್ದಿಗೆ ಬರಬ್ಯಾಡ್ರಿ, ಹೇಳೀನಿ!”

ಗಲಾಟೆ ಕೇಳಿ ವಿಮಲತಾಯಿ ಓಡಿ ಬಂದರು. ಇಬ್ಬರ ಮುಖವೂ ಕೆಂಪಾಗಿತ್ತು. ನಾನು ಮಾತ್ರ ಅಳುತ್ತಾ ನಗುತ್ತಿದ್ದೆ. “ಕಾಯ್ ಝಾಲಂ?” ಎಂದು ಆಕೆ ಗಾಬರಿಯಿಂದ ಕೇಳಿದರೆ, ಏನಾಯಿತೆಂದು ಹೇಳಲಿ? “ಭಾಂಡಣ” ಎಂದೆ, ಜಗಳ ಎಂಬುದಕ್ಕೆ ಅವರ ಮಾತು. ಹಬ್ಬ ಎಂದಷ್ಟೇ ಸಂಭ್ರಮದಿಂದ.

ಆಕೆ ಹೋದ ಮೇಲೆ ಇವರು ಮಂಚದ ಪಕ್ಕದಲ್ಲಿ ಕೂತು ನನ್ನ ಪಾದ ಒತ್ತತೊಡಗಿದರು. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಪಾದವನ್ನೇ ನೋಡುತ್ತಾ, “ಬೈದು ಆಚೆ ಹೋದಾಗ ನಿನಗೇನಾದ್ರೂ ಆಗಿಬಿಟ್ರೆ? ನಾನು ಆಡಿದ ಕೊನೇ ಮಾತು ಬೈಗುಳ ಆಗಬಾರದು ಅಂತ” ಎಂದರು.

ಹಾಗಾದರೆ ಇಷ್ಟು ತಿಂಗಳು ಈ ಮನುಷ್ಯ ಆಡಿದ ಪ್ರತಿಯೊಂದು ಮಾತನ್ನೂ, ಔಷಧಿ ಕುಡಿ ಎಂಬುದನ್ನೂ, ಕಿಟಕಿ ಹಾಕಲೇ ಎಂಬುದನ್ನೂ, ಕೊನೆಯ ಮಾತಾಗಲು ತಕ್ಕಂತೆ ತೊಳೆದು ಒರೆಸಿ ನನ್ನ ಮುಂದಿಡುತ್ತಿದ್ದರು! ಎಂಜಿನ್ನಿನ ಒಂದು ತಿರುಪನ್ನೂ ಸಡಿಲ ಬಿಡದ ಕೈಯವರು. ಮಾತನ್ನೂ ಹಾಗೆಯೇ ಬಿಗಿದಿಟ್ಟಿದ್ದರು.

“ಹಂಗಾದ್ರ ಇರೂ ತನಕಾ ಇಬ್ರೂ ಕೊನೀ ಮಾತ ಆಡಕೋತ ಕೂಡೂದೇನ್ರಿ? ನಡುವಿನ ಮಾತು ಯಾರು ಆಡೂದು?” ಎಂದೆ.

ಆಮೇಲೆ ಈ ಬಗ್ಗೆ ಬಹಳ ಯೋಚಿಸಿದ್ದೇನೆ. ಮಲಗಿರುವವಳಿಗೆ ಯೋಚನೆಯೇ ವಿಹಾರ. ಜಗಳವಾಡುವವರು ನಾಳೆಯನ್ನು ನಂಬಿರುತ್ತಾರೆ. ಇವತ್ತು ಮುನಿದರೆ ನಾಳೆ ಒಲಿಯಲು ಹೊತ್ತಿದೆ ಎಂಬ ಧೈರ್ಯವಿಲ್ಲದೆ ಯಾರೂ ದನಿಯೇರಿಸುವುದಿಲ್ಲ. ‘ಧೈರ್ಯವಾಗಿರು’ ಎಂದವರೆಲ್ಲ ನನ್ನ ಧೈರ್ಯವನ್ನು ಸ್ವಲ್ಪ ಸ್ವಲ್ಪವೇ ಕರಗಿಸಿದರು. ‘ನೀನ್ಯಾರು’ ಎಂದು ಗದರಿದವರು ನನಗೊಂದು ನಾಳೆಯನ್ನು ಕೊಟ್ಟರು. ಆಶಾವಾದವೆಂದರೆ ಸದಾ ಮುಗುಳ್ನಗುವ ಮುಖವೆಂದುಕೊಂಡಿದ್ದೆ. ಹುಬ್ಬು ಗಂಟಿಕ್ಕಿದ ಮುಖವೂ ಅದಕ್ಕೆ ಇರಬಹುದು.

ಕಾಯಿಲೆ ಇದರಿಂದೇನೂ ಹಿಂದೆ ಸರಿದಿಲ್ಲ. ಈಚಿನ ಸ್ಕ್ಯಾನಿನಲ್ಲಿ ಸೊಂಟದ ಮೂಳೆಯಲ್ಲೂ ಕಾಣಿಸಿಕೊಂಡಿದೆ. ಮತ್ತೆ ನಡೆಯುವ ಆಸೆಯನ್ನು ಡಾಕ್ಟರು ಕೊಟ್ಟಿಲ್ಲ, ನಾನೂ ಕೇಳಿಲ್ಲ. ಆದರೂ ಡಾಕ್ಟರ ಒಪ್ಪಿಗೆ ಪಡೆದು, ಮಂಚದ ಅಂಚಿನಲ್ಲಿ ಕೂತು ತೋಳುಗಳ ವ್ಯಾಯಾಮ ನಡೆದಿದೆ. ಸರಿಯಾಗಿ ಮಾಡಲಿಲ್ಲವೆಂದು ಇವರು, ಮಾಡಿದೆನೆಂದು ನಾನು.

ನಿನ್ನೆ ಸಂಜೆ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಫುಟಾಳಾ ಕೆರೆಯಂಚಿಗೆ ಸೂರ್ಯಾಸ್ತ ತೋರಿಸಲು ಹೊರಟರು. ಮರಗಳ ನೆರಳಿದೆಯೆಂದು ಸಿವಿಲ್ ಲೈನ್ಸ್ ಸುತ್ತಿಕೊಂಡು ಹೋದರು. ಕೋರ್ಟಿನ ಮುಂದೆ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದೆವು. ತಲುಪಿದಾಗ ಸೂರ್ಯ ಮುಳುಗಿ, ನೀರಿನ ಮೇಲೆ ಒಂದಿಷ್ಟು ಕೆಂಪು ಉಳಿದಿತ್ತು. ತಡವಾದದ್ದು ನಾನು ಸೀರೆ ಬದಲಿಸಲು ಹೊತ್ತು ಮಾಡಿದ್ದರಿಂದ ಎಂದು ಅವರ ವಾದ. ಸುತ್ತುದಾರಿ ಹಿಡಿದದ್ದರಿಂದ ಎಂದು ನನ್ನದು. ವಾದಿಸುತ್ತಲೇ ಇಬ್ಬರೂ ಒಂದೇ ಜೋಳದ ತೆನೆ ತಿಂದೆವು, ವಾದಿಸುತ್ತಲೇ ಮನೆಗೆ ಬಂದೆವು.

ಕೋರ್ಟಿನ ಎದುರಿಗೇ ಹಾದುಬಂದರೂ ವ್ಯಾಜ್ಯ ಇತ್ಯರ್ಥವಾಗಿಲ್ಲ. ಇವತ್ತು ಸಂಜೆ ಬೇಗ ಹೊರಡಬೇಕೆಂದಿದ್ದೇವೆ.