ಕಣ್ಣಿಗೊತ್ತಿಕೊಳ್ಳದ ಕೈ

ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಆಸಾಮಿ ತಿಪ್ಪೇರುದ್ರ. ಊರಿನ ಬ್ಯಾಸ್ಕೆಟ್‌ಬಾಲ್ ತಂಡ ಅಂಥವನಿಗೇ ಬೇಕಂತಲೇ ಫೌಲ್ ಮಾಡುವ ಕೆಲಸ ಕೊಟ್ಟಿತ್ತು.

ತೊಂಬತ್ತೆಂಟರ ಸೆಮಿಫೈನಲ್‌ನಲ್ಲಿ ಎದುರಿಗಿದ್ದವನು ಮೊಳಕಾಲ್ಮೂರಿನ ನೇಕಾರ ಓಬಳೇಶ. ಮಗ್ಗದ ಗುಂಡಿಯಲ್ಲಿ ಕಾಲು ಮಡಚಲಾರದಷ್ಟು ಉದ್ದದ ಆಳು. ಬುಟ್ಟಿಯ ಕೆಳಗೆ ಅವನನ್ನು ಹಿಡಿಯುವವರಿರಲಿಲ್ಲ. ಆದರೆ ಫೌಲಾದ ಮೇಲೆ ಒಬ್ಬನೇ ನಿಂತು ಫ್ರೀ ಥ್ರೋ ಎಸೆಯಬೇಕಾದರೆ ಅವನ ಗುರಿ ತಪ್ಪುತ್ತಿತ್ತು.

ತಂಡದ ಕೋಚ್ ಮುರಿಗೆಪ್ಪ ಮೇಷ್ಟ್ರು ಮೊದಲೇ ಗದರಿದ್ದರು. "ತುಳಿದ ಮೇಲೆ ನಮಸ್ಕಾರ ಮಾಡ್ಬೇಡ ಲೇ. ಅವನು ನಕ್ಕು, ಹಗುರಾಗಿ, ಚೆಂಡು ಹಾಕಿಬಿಡ್ತಾನೆ."

ತಿಪ್ಪೇರುದ್ರ ಪ್ರತಿ ಫೌಲಿಗೂ ತೋಳು ಜಗ್ಗಿ ಪಾದ ತುಳಿದ. ಪ್ರತಿ ಸಲವೂ ತಾನಾಗಿ ಕೆಳಗಿಳಿಯುತ್ತಿದ್ದ ಕೈಯನ್ನು ಮುಷ್ಟಿ ಕಟ್ಟಿ ತಡೆದ. ಓಬಳೇಶನ ಚೆಂಡುಗಳು ರಿಂಗಿಗೆ ಬಡಿದು ಹೊರಬಿದ್ದವು. ಐದನೇ ಫೌಲಿಗೆ ನಿಯಮದಂತೆ ತಿಪ್ಪೇರುದ್ರನನ್ನು ಹೊರಗೆ ಕಳಿಸಿದರು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಆ ಕೈಯನ್ನು ಚಡ್ಡಿಗೆ ಉಜ್ಜುತ್ತಲೇ ಇದ್ದ.

ಚಳ್ಳಕೆರೆ ಗೆದ್ದಿತು. ಹೆಗಲಿಗೇರಿಸಲು ಬಂದವರಿಂದ ಕೊಸರಿಕೊಂಡು ಅವನು ಬಸ್ ನಿಲ್ದಾಣಕ್ಕೆ ಓಡಿದ. ಮೊಳಕಾಲ್ಮೂರಿನ ಬಸ್ಸು ಹೊರಡುವುದರಲ್ಲಿತ್ತು. ಹತ್ತಿದವನೇ, ಸೀಟಿನಲ್ಲಿ ಕೂತಿದ್ದ ಓಬಳೇಶನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಎದೆ ಹಗುರಾಯಿತು. ಇಳಿಯಲು ತಿರುಗಿದ.

ಓಬಳೇಶ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

"ಐದು ಸಲ ತುಳಿದೀಯ," ಅಂದ. "ಇನ್ನೂ ನಾಲ್ಕು ಐತೆ."