ಏರದ ರಕ್ತ, ಅತ್ತೆಯ ಹಾಲು

ಬಸುರಿಯಾಗಿ ಏಳು ತಿಂಗಳಿಗೆ ಬಂದಾಗ ನನ್ನ ಕಾಲುಗಳು ಸುಮ್ಮನಿರುವುದನ್ನೇ ಮರೆತವು. ಕೂತರೆ ಏಳಬೇಕು, ಎದ್ದರೆ ಮಲಗಬೇಕು, ಮಲಗಿದರೆ ಮೀನಖಂಡದೊಳಗೆ ಇರುವೆ ಹರಿದ ಹಾಗೆ. ಕೆಂಪಾಪುರದ ನಮ್ಮ ಮನೆಯ ತಾರಸಿಯಲ್ಲಿ ಸುಡುಬಿಸಿಲಲ್ಲೂ ಅತ್ತಿಂದಿತ್ತ ತಿರುಗುತ್ತಿದ್ದೆ. ರಕ್ತ ಕಮ್ಮಿ, ಅದಕ್ಕೇ ಹೀಗೆ ಎಂದರು ಡಾಕ್ಟರಮ್ಮ. ಏರದೆ ಹೋದರೆ ಹೆರಿಗೆಯಲ್ಲಿ ನನಗೂ ಮಗುವಿಗೂ ಅಪಾಯವಂತೆ.

ಅತ್ತೆ ಬಿಡುವವರೇ? ದಿನಾ ಮುದ್ದೆ, ದಂಟಿನಸೊಪ್ಪು, ನುಗ್ಗೆಸೊಪ್ಪು, ಹುರುಳಿಕಾಳಿನ ಬಸ್ಸಾರು. ಉಂಡ ಮೇಲೆ ಐರನ್ ಮಾತ್ರೆ, ಅದರ ಹಿಂದೆಯೇ ದೊಡ್ಡ ಲೋಟದ ತುಂಬ ಹಾಲು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದರೂ ಅತ್ತೆ ಹಟ ಹಿಡಿದು ಉಳಿಸಿಕೊಂಡಿದ್ದ ಒಂದೇ ಹಸುವಿನ ಹಾಲು ಅದು.

"ಮಾತ್ರೆ ಉಷ್ಣ ಕಣಮ್ಮಿ. ಆಲು ಕುಡಿದ್ರೆ ತಂಪು. ಕುಡಿ, ನಾನ್ ನೋಡ್ಬೇಕು."

ನನಗೋ ಹಾಲಿನ ವಾಸನೆಗೇ ವಾಕರಿಕೆ. ಮೂಗು ಹಿಡಿದು ಕುಡಿದೆ. ಮುಂದಿನ ಸಲ ಪರೀಕ್ಷೆ ಮಾಡಿಸಿದರೆ ರಕ್ತ ಚೂರೂ ಏರಿರಲಿಲ್ಲ! ಇಷ್ಟೆಲ್ಲ ತಿಂದದ್ದು ಯಾವ ಬಾವಿಗೆ ಬಿತ್ತು ಎಂದು ನನ್ನ ಮೈಮೇಲೆ ನನಗೇ ಸಿಟ್ಟು ಬಂತು.

"ಮಾತ್ರೆ ಯಾವುದ್ರಲ್ಲಿ ನುಂಗ್ತೀರಿ?" ಎಂದು ಕೇಳಿದರು ಡಾಕ್ಟರಮ್ಮ.

"ಹಾಲಲ್ಲಿ."

ಅವರು ಹಣೆ ಚಚ್ಚಿಕೊಂಡರು. "ಅಯ್ಯೋ, ಹಾಲು ಜೊತೆಗಿದ್ರೆ ಐರನ್ ಮೈಗೆ ಹತ್ತಲ್ಲಮ್ಮ! ಕಾಫಿ, ಟೀನೂ ಅಷ್ಟೇ. ನಿಂಬೆಹಣ್ಣಿನ ನೀರಲ್ಲಿ ನುಂಗಿ, ಹಾಲು ಬೇರೆ ಹೊತ್ತಲ್ಲಿ ಕುಡೀರಿ. ಇನ್ನೊಂದ್ ಸಲ ನೋಡೋಣ. ಏರ್ಲಿಲ್ಲ ಅಂದ್ರೆ ರಕ್ತ ಹಾಕ್ಬೇಕಾಗುತ್ತೆ."

ಮನೆಗೆ ಬಂದು ಹೇಳಿದೆ. ಅತ್ತೆ ಕೆರಳಿದರು.

"ನನ್ ಆಲು ಅಡ್ಡ ಬತ್ತದಾ? ಆ ಡಾಕ್ಟ್ರಮ್ಮ ಏನ್ ಕುಡ್ಕಂಡ್ ಬೆಳೆದ್ಲಂತೆ?"

ಆದರೆ ಮಾತ್ರೆಯ ಹೊತ್ತಿಗೆ ಗೊಣಗುತ್ತಲೇ ನಿಂಬೆಹಣ್ಣು ಹಿಂಡಿ ತಂದರು. ಅಂದಿನಿಂದ ಹಾಲಿನ ಮಾತೇ ಎತ್ತಲಿಲ್ಲ. ಅದು ಇನ್ನೂ ಕಸಿವಿಸಿ. ಬೈದಿದ್ದರೆ ವಾಸಿಯಿತ್ತು.

ಮುಂದಿನ ಪರೀಕ್ಷೆಯಲ್ಲಿ ರಕ್ತ ಏರಿತ್ತು. ಆಟೋ ಇಳಿದವಳೇ ಗೇಟಿನಿಂದಲೇ ಕೂಗಿದೆ, "ಅತ್ತೆ, ಏರಿದೆ! ರಕ್ತ ಹಾಕೋದು ಬೇಡ್ವಂತೆ!"

ಕೊಟ್ಟಿಗೆಯಿಂದ ಬಂದ ಅತ್ತೆ ಕೈಮುಗಿದರು. ಮರುಕ್ಷಣ ಮೆಟ್ಟಿಲ ಮೇಲೆ ಕುಸಿದು ಕೂತರು.

"ಅಂಗಾರೆ ನಿಜ್ವಾಗ್ಲೂ ನಾನೇ ಮಗೀಗೆ ಅಡ್ಡ ಬಂದಿದ್ನಾ?" ಎನ್ನುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

ಪಕ್ಕದಲ್ಲೇ ಕೂತೆ.

"ಅತ್ತೆ, ಈಗ ಮಾತ್ರೆ ಹೊತ್ತಲ್ವಲ್ಲ. ಒಂದ್ ಲೋಟ ಹಾಲು ಕೊಡ್ತೀರಾ?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು, ದೊಡ್ಡ ಲೋಟವನ್ನೇ ತಂದರು. ಈ ಸಲ ನಾನು ಮೂಗು ಹಿಡಿಯಲಿಲ್ಲ.