ನಜೀಮಾ ಹುಡುಕಿದ ಟ್ಯೂಬ್

ನಜೀಮಾ, ನೀನು ಲ್ಯಾಬಿನ ಫ್ರೀಜರಿನಲ್ಲಿ ಎರಡು ದಿನ ಹುಡುಕಿದೆಯಲ್ಲ, ನನ್ನ ಅಕ್ಷರದಲ್ಲಿ ಹೆಸರು ಬರೆದಿದ್ದ ಆ ಪುಟ್ಟ ಟ್ಯೂಬ್ — ಅದನ್ನು ಎಸೆದವಳು ನಾನೇ. ಕೈತಪ್ಪಿ ಎಸೆದದ್ದಲ್ಲ. ಅದರಲ್ಲಿ ಏನಿದೆಯೆಂದು ಪರೀಕ್ಷೆ ಮಾಡಿ, ತಿಳಿದ ಮೇಲೆ ಎಸೆದೆ. ಹನ್ನೆರಡು ವರ್ಷವಾಯಿತು. ನಿನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ, ನನ್ನ ಗಂಡನಿಗೂ.

ಆ ದಿನಗಳನ್ನು ಖುಷಿಯಿಂದ ನೆನೆಯುವ ಹಕ್ಕು ನನಗಿದೆಯೋ ಇಲ್ಲವೋ — ಆದರೂ ನೆನೆಯುತ್ತೇನೆ. ನೀನು ಶಿವಾಜಿನಗರದಲ್ಲಿ ಬಸ್ಸು ಹೊರಡುವಲ್ಲೇ ಹತ್ತಿ, ಹಲಸೂರಿನಲ್ಲಿ ಹತ್ತುವ ನನಗಾಗಿ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟು ಕಾಯುತ್ತಿದ್ದೆ. ಜಗಳಕ್ಕೆ ಬಂದವರಿಗೆ ಅವರವರ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದೆ — ತಮಿಳಿನವರಿಗೆ ತಮಿಳು, ನಿಮ್ಮವರಿಗೆ ದಖ್ಖನಿ, ಕಂಡಕ್ಟರನಿಗೆ ನನ್ನದಕ್ಕಿಂತ ಖಾರವಾದ ಕನ್ನಡ. ರಂಜಾನಿನಲ್ಲಿ ನಾನು ಡಬ್ಬಿ ತೆರೆದರೆ, ನಿಮ್ಮ ಜೋಗುಪಾಳ್ಯದ ಸೊಪ್ಪಿನ ಸಾರು ನನ್ನ ರೋಜಾ ಉಪವಾಸ ಕೆಡಿಸಲೆಂದೇ ಬರುತ್ತದೆ ಎಂದು ನೀನು ರೇಗಿಸುತ್ತಿದ್ದೆ. ಸಂಜೆ ನಿಮ್ಮ ಮನೆಯಲ್ಲಿ ನಿನಗಿಂತ ಮೊದಲು ಸಮೋಸಕ್ಕೆ ಕೈ ಹಾಕುತ್ತಿದ್ದವಳು ನಾನು.

ನಿಮ್ಮ ಅಬ್ಬಾ ಗಡಿಯಾರ ರಿಪೇರಿ ಮಾಡುವವರು. ಅವರ ಕೈ ನಿನಗೆ ಬಂದಿತ್ತು. ಇಲಿಯ ತೊಡೆಗೆ ನೀನು ಸೂಜಿ ಚುಚ್ಚಿದರೆ ಅದು ಚೀಂ ಎನ್ನುತ್ತಿರಲಿಲ್ಲ. ನಾನು ಚುಚ್ಚುವ ದಿನ, ಇಲಿಗಳನ್ನು ನೋಡಿಕೊಳ್ಳುತ್ತಿದ್ದ ಮುನಿರಾಜಣ್ಣ, ಇವತ್ತು ನಮ್ಮ ಮಕ್ಕಳಿಗೆ ಗ್ರಹಚಾರ ಎಂದು ನನ್ನೆದುರಿಗೇ ಹೇಳುತ್ತಿದ್ದರು. ನಿನ್ನ ಖಾಲಾ — ಅಮ್ಮಿಯ ತಂಗಿ — ಕ್ಷಯದಲ್ಲಿ ತೀರಿಕೊಂಡಿದ್ದರು, ನೀನು ಕ್ಷಯದ ಲಸಿಕೆಯ ಕೆಲಸಕ್ಕೆ ಬಂದದ್ದು ಅದಕ್ಕೆ. ನಾನು ಬಂದದ್ದು ಹೆಸರಿನ ಹಿಂದೆ ಒಂದು ಡಾಕ್ಟರೇಟ್ ಇರಲಿ ಎಂದು.

ನಾವು ಮಾಡುತ್ತಿದ್ದದ್ದು ಹೇಳುವುದಕ್ಕೆ ಸುಲಭ. ರೋಗಾಣುವಿನ ಒಂದು ತುಣುಕು ಡಿಎನ್‌ಎಯನ್ನು ಚುಚ್ಚಬೇಕು, ಅದನ್ನು ಓದಿ ದೇಹವೇ ರೋಗಾಣುವಿನ ಗುರುತನ್ನು ತಯಾರಿಸಿಕೊಂಡು ಹೋರಾಟ ಕಲಿಯಬೇಕು. ಆದರೆ ದೇಹ ಅರೆಮನಸ್ಸಿನಿಂದ ಕಲಿಯುತ್ತಿತ್ತು. ಅದನ್ನು ಹುರಿದುಂಬಿಸಲೆಂದು ನಮ್ಮ ಗೈಡ್ ಸರ್, ಲಸಿಕೆಯ ಜೊತೆಗೊಂದು ಸಹಾಯಕ ಡಿಎನ್‌ಎ ಸೇರಿಸಲು ಹೇಳಿದರು. ಲಸಿಕೆಯ ಡಿಎನ್‌ಎ ನೀನು ತಯಾರಿಸಿದೆ, ಸಹಾಯಕ ನನ್ನ ಪಾಲಿಗೆ ಬಂತು. ಎರಡನ್ನೂ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಆಮೇಲೆ ಬ್ಯಾಕ್ಟೀರಿಯಾದ ಕೊಳೆಯನ್ನು ಪೂರ್ತಿ ತೊಳೆದು ತೆಗೆಯಬೇಕು. ಅದಕ್ಕೆಂದೇ ಬೇರೆ ಕಿಟ್ ಇರುತ್ತದೆ. ಕೊಳೆ ಉಳಿದರೆ ಆ ಕೊಳೆಗೇ ದೇಹ ಕೆರಳುತ್ತದೆ, ನಾವು ಲಸಿಕೆ ಕೆಲಸ ಮಾಡಿತು ಎಂದುಕೊಳ್ಳುತ್ತೇವೆ.

ಆ ಕಿಟ್ ಖಾಲಿಯಾಗಿತ್ತು. ಹೊಸದು ಬಂದಿರಲಿಲ್ಲ. ಇಲಿಗಳ ವಯಸ್ಸು ಮೀರುತ್ತಿತ್ತು, ಸರ್ ದಿನಕ್ಕೆರಡು ಸಲ ಕೇಳುತ್ತಿದ್ದರು. ನಾನು ಸಹಾಯಕವನ್ನು ಕೊಳೆ ಪೂರ್ತಿ ಹೋಗದ ಮಾಮೂಲಿ ಕಿಟ್‌ನಲ್ಲಿ ತೆಗೆದುಬಿಟ್ಟೆ. ನೋಟ್‌ಬುಕ್ಕಿನಲ್ಲಿ ಮಾತ್ರ — ಕೈ ಅಭ್ಯಾಸದಿಂದ ಒಳ್ಳೆಯ ಕಿಟ್‌ನ ಹೆಸರನ್ನೇ ಬರೆಯಿತು. ಅಭ್ಯಾಸದಿಂದ ಎಂದು ಬರೆಯುತ್ತಿದ್ದೇನೆ, ಅಷ್ಟು ನಿಜವೋ ಅಲ್ಲವೋ ನನಗೇ ಈಗ ಖಾತ್ರಿಯಿಲ್ಲ.

ಫಲಿತಾಂಶ ಎಲ್ಲರ ಬಾಯಿ ಮುಚ್ಚಿಸುವಂತೆ ಬಂತು. ಸಹಾಯಕ ಸೇರಿಸಿದ ಇಲಿಗಳ ಜೀವಕೋಶಗಳು ಹಿಂದೆಂದೂ ಕಾಣದಷ್ಟು ಎಚ್ಚೆತ್ತಿದ್ದವು. ಸರ್ ಇಡೀ ಲ್ಯಾಬಿಗೆ ಮೈಸೂರು ಪಾಕ್ ತರಿಸಿದರು. ನನಗಿಂತ ಹೆಚ್ಚು ಕುಣಿದವಳು ನೀನು. ಖಾಲಾ ಇದ್ದಿದ್ದರೆ, ಎಂದು ಶುರುಮಾಡಿ ನಿಲ್ಲಿಸಿಬಿಟ್ಟೆ.

ಅದನ್ನು ಇನ್ನೊಮ್ಮೆ ಮಾಡಿ ತೋರಿಸುವ ಕೆಲಸ ನಿನಗೆ ಬಂತು. ಅಷ್ಟರಲ್ಲಿ ಒಳ್ಳೆಯ ಕಿಟ್ ಬಂದಿತ್ತು. ನೀನು ಸಹಾಯಕವನ್ನು ಹೊಸದಾಗಿ, ಶುದ್ಧವಾಗಿ ತಯಾರಿಸಿದೆ. ಏನೂ ಬರಲಿಲ್ಲ. ಮತ್ತೆ ಮಾಡಿದೆ, ಮೂರನೆಯ ಸಲವೂ ಮಾಡಿದೆ. ಬಸ್ಸಿನಲ್ಲಿ ನೀನು ಮಾತಾಡುವುದು ಕಡಿಮೆಯಾಯಿತು. ಒಂದು ಭಾನುವಾರ ಹಲಸೂರು ಕೆರೆಯ ಕಲ್ಲುಬೆಂಚಿನ ಮೇಲೆ ಕೂತು ಕೇಳಿದೆ:

"ಸುಮಿ, ನಿಜ ಹೇಳು. ನೀನು ಯಾವ ಕಿಟ್‌ನಲ್ಲಿ ತೆಗ್ದಿದ್ದು?"

"ಅದೇ ಕಿಟ್ ಕಣೇ."

ಅಷ್ಟೇ. ಎರಡೇ ಪದ, ಮೇಲೊಂದು ಸಲುಗೆ. ನೀನು ನಂಬಿದೆ. ನಂಬಿ, ಹಾಗಾದರೆ ಉಳಿದಿರುವ ನಿನ್ನ ಹಳೆಯ ಟ್ಯೂಬನ್ನೇ ಬಳಸಿ ನೋಡುತ್ತೇನೆ ಎಂದೆ. ಮರುದಿನ ಬೆಳಿಗ್ಗೆ ನಿನಗಿಂತ ಮುಂಚೆ ಲ್ಯಾಬಿಗೆ ಹೋದೆ — ನನ್ನ ಸೀಟಿನ ಮೇಲೆ ನಿನ್ನ ಬ್ಯಾಗ್ ಅಂದು ಸುಮ್ಮನೆ ಕಾದಿರಬೇಕು. ಕೊಳೆಯಿದ್ದರೆ ಹೆಪ್ಪುಗಟ್ಟುವ ಪರೀಕ್ಷಾದ್ರವಕ್ಕೆ ಆ ಟ್ಯೂಬಿನಿಂದ ಒಂದು ಹನಿ ಹಾಕಿದೆ. ಒಂದು ಗಂಟೆ ಬಿಟ್ಟು ಗಾಜಿನ ನಳಿಕೆಯನ್ನು ತಲೆಕೆಳಗು ಮಾಡಿದರೆ ಒಳಗಿನದು ಅಲ್ಲಾಡಲಿಲ್ಲ, ಮೊಸರಿನ ಹಾಗೆ ಗಟ್ಟಿಯಾಗಿತ್ತು. ಉಳಿದದ್ದನ್ನು ಟ್ಯೂಬಿನ ಸಮೇತ ಕಸಕ್ಕೆ ಹಾಕಿ, ನೀನು ಬಂದಾಗ ಕೈ ತೊಳೆಯುತ್ತಿದ್ದೆ. ಆಮೇಲೆ ನಿನ್ನ ಜೊತೆ ನಿಂತು ನಾನೂ ಎರಡು ದಿನ ಹುಡುಕಿದೆ.

ಮುಂದಿನ ಸೋಮವಾರದ ಮೀಟಿಂಗಿನಲ್ಲಿ ಸರ್ ದನಿ ಏರಿಸಲೂ ಇಲ್ಲ. "ಸುಮಿತ್ರಾ ಕೈಲಿ ಬರುತ್ತೆ, ನಿಮ್ಮ ಕೈಲಿ ಯಾಕಮ್ಮ ಬರಲ್ಲ? ಕೆಲವರಿಗೆ ಈ ಕೈಗುಣ ಇರಲ್ಲ, ಬಿಡಿ." ನೀನು ನನ್ನತ್ತ ನೋಡಿದೆ. ನಾನು ಟೀ ಲೋಟದೊಳಗೆ ನೋಡುತ್ತಿದ್ದೆ.

ನೀನು ಕೆಲಸ ಬಿಟ್ಟೆ. ನನ್ನ ಲೇಖನ ಅಚ್ಚಾಯಿತು, ಡಾಕ್ಟರೇಟ್ ಬಂತು, ಇಂದಿರಾನಗರದಲ್ಲಿ ಕೆಲಸ ಸಿಕ್ಕಿತು. ನಿನ್ನ ನಂತರ ಬಂದ ಇನ್ನಿಬ್ಬರು ವಿದ್ಯಾರ್ಥಿಗಳು ಅದೇ ಸಹಾಯಕದ ಬೆನ್ನುಹತ್ತಿ ವರ್ಷಗಳನ್ನು ಕಳೆದರು. ಸತ್ತದ್ದು ಇಲಿಗಳು ತಾನೇ, ಮನುಷ್ಯರ ತನಕ ಹೋಗಲಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೂ ಉಂಟು. ನೀನು ಮನುಷ್ಯಳಾಗಿರಲಿಲ್ಲವೇ?

ಕಳೆದ ತಿಂಗಳು ಹಲಸೂರಿನ ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ನೀನೇ ಹಿಂದಿನಿಂದ ಬಂದು ನನ್ನ ಕಣ್ಣು ಮುಚ್ಚಿದೆ. ಈಗ ಕುಕ್ ಟೌನಿನ ಸ್ಕೂಲಿನಲ್ಲಿ ಪಾಠ ಮಾಡುತ್ತೀಯಂತೆ. ಜೊತೆಗೆ ಮಗಳಿದ್ದಳು. "ಇವ್ಳೇ ನಮ್ಮ ಸುಮಿ. ಇವಳು ಏನು ಮುಟ್ಟಿದ್ರೂ ಬರ್ತಿತ್ತು. ನನ್ನ ಕೈಗೆ ಲ್ಯಾಬ್ ಒಗ್ಗಲಿಲ್ಲ ಅಷ್ಟೇ," ಎಂದು ನಗುತ್ತಾ ಹೇಳಿದೆ. ಆ ನಗುವಿನಲ್ಲಿ ಒಂದಿಷ್ಟಾದರೂ ಅನುಮಾನವಿದೆಯೇ ಎಂದು ಹುಡುಕಿದೆ. ಇರಲಿಲ್ಲ ನಜೀಮಾ. ಅದನ್ನು ನೀನು ಪೂರ್ತಿ ನಂಬಿಬಿಟ್ಟಿದ್ದೀಯ.

ನೀನು ಫೋನಿಗೆಂದು ಅತ್ತ ಹೋದಾಗ ಮಗಳು ಮೆಲ್ಲಗೆ ಕೇಳಿದಳು: "ಆಂಟಿ, ಅಮ್ಮಿ ಅಷ್ಟೊಂದು ಕೆಟ್ಟದಾಗಿ ಮಾಡ್ತಿದ್ರಾ?"

ನಾನು ಅವಳ ಕೆನ್ನೆ ತಟ್ಟಿ ನಕ್ಕೆ. ರೈಲು ಬಂತು, ಹತ್ತಿಬಿಟ್ಟೆ.

ಲೇಖನವನ್ನು ಹಿಂತೆಗೆದುಕೊಳ್ಳಿ ಎಂದು ಪತ್ರಿಕೆಗೆ ನಿನ್ನೆ ಬರೆದೆ. ಜೀವನ್ ಬಿಮಾ ನಗರದ ಮನೆಗೆ ಹೋಗಿ ಸರ್ ಎದುರು ಕೂತು ಎಲ್ಲ ಹೇಳಿದೆ. ಅವರು ನಿನ್ನ ನಂಬರ್ ಕೇಳಿದರು. ಮೊದಲು ನಾನು ಹೇಳಬೇಕು ಸರ್ ಎಂದೆ. ಕ್ಷಮಿಸು ಎಂದು ಕೇಳುವುದಿಲ್ಲ. ಮೂರು ಸಲವೂ ನೀನು ಮಾಡಿದ್ದೇ ಸರಿ, ಅದು ನಿನಗೆ ಗೊತ್ತಾಗಬೇಕು.

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆರೆಯದಿದ್ದರೂ ಸರಿ, ಹೊರಗೇ ನಿಲ್ಲುತ್ತೇನೆ. ನಿನ್ನ ಮಗಳನ್ನು ಮಾತ್ರ ಒಮ್ಮೆ ಕಳುಹಿಸು. ಅವಳು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ.